ಕಾಪರ್ ಇದ್ದರೂ ನಿಲ್ಲದ ತುರಿಕೆ: ಒಂದು ಮರೈನ್ ಕ್ವಾರಂಟೈನ್ ಟ್ಯಾಂಕಿನ ಪ್ರಕರಣ

ಬೆಂಗಳೂರಿನ ಒಂದು ಮನೆಯಲ್ಲಿ ನಡೆದ ಪ್ರಕರಣ ಇದು. ಉಪ್ಪುನೀರಿನ ಮೀನು ಸಾಕುವ ಬೇರೆಯವರಿಗೂ ಉಪಯೋಗವಾಗಲಿ ಅಂತ ಮನೆಯವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಹೆಸರು, ಬಡಾವಣೆ, ಮೀನು ಕೊಂಡ ಅಂಗಡಿ ಯಾವುದೂ ಇಲ್ಲಿ ಬರುವುದಿಲ್ಲ. ಟ್ಯಾಂಕಿನ ಯಜಮಾನರನ್ನು ಸುಮ್ಮನೆ ‘ಮಾಲೀಕರು’ ಅನ್ನುತ್ತೇನೆ.

ಹೊರಗಿನಿಂದ ನೋಡಿದರೆ ಇಲ್ಲಿ ಯಾವ ಕೊರತೆಯೂ ಇರಲಿಲ್ಲ. ಹೊಸ ಮೀನಿಗೆ ಬೇರೆ ಟ್ಯಾಂಕ್ ಇತ್ತು. ಕಾಪರ್, ಅಂದರೆ ಮೀನಿನ ಮೈಗೆ ಹತ್ತುವ ರೋಗಜೀವಿಗಳಿಗೆ ಹಾಕುವ ತಾಮ್ರದ ಔಷಧಿ, ಬಿದ್ದಿತ್ತು. ಟೆಸ್ಟ್ ಕಿಟ್ ಹಿಡಿದು ದಿನಾ ಅಳೆಯುತ್ತಿದ್ದರು. ಇಷ್ಟೆಲ್ಲಾ ಮಾಡಿಯೂ ಮೀನುಗಳು ಸೊರಗುತ್ತಾ ಹೋದವು. ಯಾಕೆ ಅನ್ನುವುದೇ ಈ ಬರಹ.

ಹಿನ್ನೆಲೆ

ಮಾಲೀಕರ ಹಾಲ್‌ನಲ್ಲಿ ಸುಮಾರು 400 ಲೀಟರಿನ ಟ್ಯಾಂಕ್ ಇದೆ. ಅದರಲ್ಲಿ ಅನಿಮೊನಿ, ಮಶ್ರೂಮ್ ಕೋರಲ್, ಕ್ಲೀನರ್ ಸೀಗಡಿ, ಕೆಲವು ಹಳೆಯ ಮೀನುಗಳು. ಈ ಟ್ಯಾಂಕಿಗೆ ಕಾಪರ್ ಹಾಕುವ ಮಾತೇ ಇಲ್ಲ. ಮೀನು ತಡೆದುಕೊಳ್ಳುವ ಪ್ರಮಾಣ ಸೀಗಡಿಗೂ ಅನಿಮೊನಿಗೂ ವಿಷ. ಅದಕ್ಕೇ ಹೊಸ ಮೀನು ಬಂದಾಗ ಯುಟಿಲಿಟಿಯಲ್ಲಿರುವ 100 ಲೀಟರಿನ ಇನ್ನೊಂದು ಟ್ಯಾಂಕಿಗೆ ಬಿಡುತ್ತಾರೆ. ಅದರಲ್ಲಿ ಮರಳಿಲ್ಲ. ಒಂದು ಸ್ಪಂಜ್ ಫಿಲ್ಟರ್, ಹೀಟರ್, ಅಡಗಲು ಪಿವಿಸಿ ಪೈಪಿನ ತುಂಡುಗಳು. ಜೊತೆಗೆ ‘ನೋಡೋಕೆ ಚೆನ್ನಾಗಿರಲಿ’ ಅಂತ ನಾಲ್ಕೈದು ಸತ್ತ ಹವಳದ ಕಲ್ಲು. ಈ ಕಲ್ಲುಗಳ ವಿಷಯ ಮುಂದೆ ಬರುತ್ತದೆ.

ಈ ಸಲ ಬಂದದ್ದು ನಾಲ್ಕು ಮೀನು. ಒಂದು ಪೌಡರ್ ಬ್ಲೂ ಟ್ಯಾಂಗ್, ಒಂದು ಕೋರಲ್ ಬ್ಯೂಟಿ ಏಂಜೆಲ್, ಎರಡು ಒಸೆಲಾರಿಸ್ ಕ್ಲೌನ್. ಪೌಡರ್ ಬ್ಲೂ ನಮ್ಮ ಹಿಂದೂ ಮಹಾಸಾಗರದ್ದೇ ಮೀನು, ಲಕ್ಷದ್ವೀಪ, ಮಾಲ್ಡೀವ್ಸ್ ಕಡೆಯ ಹವಳದ ದಿಬ್ಬಗಳಲ್ಲಿ ಮೇಯುತ್ತದೆ. ಚಂದಕ್ಕೆ ಎಷ್ಟು ಹೆಸರೋ ಬಿಳಿ ಚುಕ್ಕೆ ರೋಗ ಹತ್ತಿಸಿಕೊಳ್ಳುವುದಕ್ಕೂ ಅಷ್ಟೇ ಹೆಸರು. ಕ್ಲೌನ್‌ಗಳು ಫಾರ್ಮಿನಲ್ಲಿ ಮರಿ ಮಾಡಿದವು. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಕ್ಲೌನ್ ಮರಿ ಮಾಡಿಸುವ ವಿಧಾನ ರೂಪಿಸಿದ ಮೇಲೆ ಭಾರತದಲ್ಲಿ ಬೆಳೆಸಿದವೂ ಸಿಗುತ್ತವೆ. ಫಾರ್ಮಿನ ಮೀನು ಹುಟ್ಟುವಾಗ ಶುದ್ಧವೇ. ಆದರೆ ಅಂಗಡಿಯಲ್ಲಿ ಹತ್ತಾರು ಟ್ಯಾಂಕಿಗೆ ಒಂದೇ ನೀರು ಸುತ್ತುತ್ತಿದ್ದರೆ ಫಾರ್ಮಿನದ್ದಕ್ಕೂ ಸಮುದ್ರದ್ದಕ್ಕೂ ಏನು ವ್ಯತ್ಯಾಸ? ಪಕ್ಕದ ಟ್ಯಾಂಕಿನ ರೋಗ ಪೈಪಿನಲ್ಲೇ ಬರುತ್ತದೆ.

ಇನ್ನೊಂದು ವಿಷಯ ಮಾಲೀಕರು ಆಮೇಲೆ ಕೇಳಿ ತಿಳಿದುಕೊಂಡರು. ಅಂಗಡಿಯ ನೀರಿನಲ್ಲಿ ಯಾವಾಗಲೂ ಸ್ವಲ್ಪ ಕಾಪರ್ ಇರುತ್ತಿತ್ತಂತೆ. ಮೀನು ಮಾರುವವರಲ್ಲಿ ಇದು ಹೊಸದೇನಲ್ಲ. ಆ ಸ್ವಲ್ಪ ಕಾಪರ್ ರೋಗವನ್ನು ತೆಗೆಯುವುದಿಲ್ಲ, ಅದುಮಿ ಇಡುತ್ತದೆ. ಮನೆಯ ಶುದ್ಧ ನೀರಿಗೆ ಬಂದ ಮೇಲೆ ಅದು ತಲೆ ಎತ್ತುತ್ತದೆ. ಅಂಗಡಿಯಲ್ಲಿ ಒಂದೂ ಚುಕ್ಕೆ ಇಲ್ಲದ ಮೀನು ಮನೆಗೆ ಬಂದ ವಾರದಲ್ಲಿ ಚುಕ್ಕೆ ಹೊತ್ತು ನಿಲ್ಲುವುದಕ್ಕೆ ಬಹಳ ಸಲ ಇದೇ ಕಾರಣ.

ಚುಕ್ಕೆ ಬಂತು, ಹೋಯಿತು, ಮತ್ತೆ ಬಂತು

ಮೊದಲ ವಾರದ ಕೊನೆಗೆ ಟ್ಯಾಂಗಿನ ರೆಕ್ಕೆಗಳ ಮೇಲೆ ಬಿಡಿಬಿಡಿಯಾಗಿ ಬಿಳಿ ಚುಕ್ಕೆ ಕಂಡವು. ಮೀನು ಪೈಪಿಗೆ ಮೈ ಉಜ್ಜುತ್ತಿತ್ತು. ಮಾಲೀಕರು ಫೋಟೋ ತೆಗೆದು ಗೆಳೆಯರಿಗೆ ಕಳಿಸಿದರು. ಎಲ್ಲರೂ ‘ಇಚ್’, ಅಂದರೆ ಬಿಳಿ ಚುಕ್ಕೆ ರೋಗ, ಅಂದರು. ಔಷಧಿ ತರಿಸುವಷ್ಟರಲ್ಲಿ ಚುಕ್ಕೆ ಮಾಯ! ತಾನೇ ವಾಸಿಯಾಯಿತು ಅಂದುಕೊಂಡು ಬಾಟಲಿಯನ್ನು ಕಪಾಟಿನಲ್ಲಿಟ್ಟರು.

ಇಚ್ ಬಗ್ಗೆ ಗೊತ್ತಿರಬೇಕಾದ ಮುಖ್ಯ ವಿಷಯ ಇಲ್ಲೇ ಇದೆ. ಈ ರೋಗ ತರುವುದು ಕ್ರಿಪ್ಟೋಕ್ಯಾರಿಯಾನ್ ಇರಿಟಾನ್ಸ್ ಅನ್ನುವ ಏಕಕೋಶ ಜೀವಿ. ಅದು ಮೀನಿನ ಚರ್ಮದ ಹೊರಪದರದ ಒಳಗೆ ಸೇರಿಕೊಂಡು 3ರಿಂದ 7 ದಿನ ತಿಂದು ಬೆಳೆಯುತ್ತದೆ. ನಮಗೆ ಕಾಣುವ ಚುಕ್ಕೆ ಅದೇ. ಹೊಟ್ಟೆ ತುಂಬಿದ ಮೇಲೆ ಹೆಚ್ಚಾಗಿ ಕತ್ತಲಿನ ಹೊತ್ತಿನಲ್ಲಿ ಮೀನನ್ನು ಬಿಟ್ಟು ಇಳಿಯುತ್ತದೆ. ಟ್ಯಾಂಕಿನ ತಳ, ಪೈಪು, ಕಲ್ಲು ಎಲ್ಲಿ ಸಿಕ್ಕರೆ ಅಲ್ಲಿ ಅಂಟಿಕೊಂಡು ಸುತ್ತ ಗಟ್ಟಿ ಕವಚ ಕಟ್ಟಿಕೊಳ್ಳುತ್ತದೆ. ಆ ಕವಚದೊಳಗೆ ಒಂದು ನೂರಾಗುತ್ತದೆ. ಕವಚ ಒಡೆಯಲು ಸಾಮಾನ್ಯವಾಗಿ 3ರಿಂದ 28 ದಿನ ಬೇಕು. 72 ದಿನ ಹಿಡಿದದ್ದೂ ದಾಖಲಾಗಿದೆ. ಹೊರಬಂದ ಮರಿಗಳಿಗೆ ಒಂದೆರಡು ದಿನದೊಳಗೆ ಮೀನು ಸಿಗಬೇಕು, ಇಲ್ಲದಿದ್ದರೆ ಸಾಯುತ್ತವೆ.

ಅಂದರೆ ಚುಕ್ಕೆ ಮಾಯವಾದ ದಿನ ರೋಗ ಹೋಗಿರಲಿಲ್ಲ, ಕೆಳಗಿಳಿದಿತ್ತು ಅಷ್ಟೇ. ಎರಡನೇ ವಾರ ಬಂದಾಗ ಟ್ಯಾಂಗಿನ ಮೈ ತುಂಬಾ ಚುಕ್ಕೆ. ಏಂಜೆಲ್ ಪೈಪಿನೊಳಗಿಂದ ಹೊರಗೇ ಬರುತ್ತಿರಲಿಲ್ಲ. ಆಗ ಮಾಲೀಕರು ಕಾಪರ್ ಶುರು ಮಾಡಿದರು. ಕಾಪರ್ ಕೊಲ್ಲುವುದು ನೀರಿನಲ್ಲಿ ಈಜುವ ಮರಿಗಳನ್ನು ಮಾತ್ರ. ಚರ್ಮದೊಳಗೆ ಇರುವುದಕ್ಕೂ ಕವಚದೊಳಗೆ ಇರುವುದಕ್ಕೂ ಅದು ಮುಟ್ಟುವುದಿಲ್ಲ. ಹಾಗಾಗಿ ಔಷಧಿ ಹಾಕಿದ ಮೇಲೂ ವಾರದವರೆಗೆ ಚುಕ್ಕೆ ಕಾಣುವುದು ಸಹಜ, ಮಾಲೀಕರು ಕಾದರು. ಆದರೆ ವಾರ ಕಳೆದ ಮೇಲೂ ಹೊಸ ಹೊಸ ಚುಕ್ಕೆ ಬರುತ್ತಲೇ ಇದ್ದವು. ಟ್ಯಾಂಗ್ ತಿನ್ನುವುದನ್ನು ಕಡಿಮೆ ಮಾಡಿತು. ನನಗೆ ಫೋನ್ ಬಂದದ್ದು ಆಗ.

0.2 ಅನ್ನುವ ಅಂಕಿ

‘ಸರ್, ದಿನಾ ಚೆಕ್ ಮಾಡ್ತಿದೀನಿ. 0.2 ಇದೆ. ಒಂದು ದಿನವೂ ಕೆಳಗೆ ಹೋಗೋಕೆ ಬಿಟ್ಟಿಲ್ಲ’ ಅಂದರು. ಮಾತಿನಲ್ಲಿ ಬೇಸರವಿತ್ತು, ಸುಳ್ಳಿರಲಿಲ್ಲ. ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದಿಟ್ಟಿದ್ದರು.

ಬಾಟಲಿ ತೋರಿಸಿ ಅಂದೆ. ಅದು ಕೀಲೇಟೆಡ್ ಕಾಪರ್.

ಮೊದಲ ತಿರುವು ಇದು. ಅಂಗಡಿಯಲ್ಲಿ ಸಿಗುವ ಕಾಪರ್‌ನಲ್ಲಿ ಎರಡು ಬಗೆ. ಒಂದು ಮೈಲುತುತ್ತ, ಅಂದರೆ ಕಾಪರ್ ಸಲ್ಫೇಟಿನಿಂದ ಮಾಡಿದ ಬಿಡಿ ಕಾಪರ್. ಇದಕ್ಕೆ ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ ಇದ್ದರೆ ಸಾಕು. ಇನ್ನೊಂದು ಕೀಲೇಟೆಡ್. ಇದರಲ್ಲಿ ಕಾಪರನ್ನು ಇನ್ನೊಂದು ರಾಸಾಯನಿಕ ಹಿಡಿದುಕೊಂಡಿರುತ್ತದೆ. ನೀರಿನಲ್ಲಿ ಹೆಚ್ಚು ದಿನ ಉಳಿಯಲಿ, ಮೀನಿಗೆ ಒಮ್ಮೆಲೇ ತಾಗದಿರಲಿ ಅನ್ನುವುದು ಉದ್ದೇಶ. ಹಾಗೆ ಕಟ್ಟಿಹಾಕಿರುವುದರಿಂದ ಕಿಟ್‌ನಲ್ಲಿ ಕಾಣುವ ಅಂಕಿಯ ಒಂದು ಪಾಲು ಮಾತ್ರ ಕೆಲಸಕ್ಕೆ ಬರುತ್ತದೆ. ಅದಕ್ಕೇ ಇದರ ಗುರಿ ತುಂಬಾ ಮೇಲಿದೆ. ಸಾಮಾನ್ಯವಾಗಿ 1.5ರಿಂದ 2.5ರ ನಡುವೆ, ಯಾವ ಕಂಪನಿಯದೋ ಅದರ ಬಾಟಲಿ ಹೇಳಿದಷ್ಟು. ಮಾಲೀಕರ ಕೈಯಲ್ಲಿದ್ದದ್ದು ಎರಡನೇ ಬಗೆ, ತಲೆಯಲ್ಲಿದ್ದದ್ದು ಮೊದಲ ಬಗೆಯ ಅಂಕಿ. ಅಳತೆ ಸರಿ, ಗುರಿ ತಪ್ಪು. ಟ್ಯಾಂಕಿನಲ್ಲಿ ಬೇಕಾದ ಔಷಧಿಯ ಹತ್ತನೇ ಒಂದು ಭಾಗ ಇತ್ತು. ಹೆಚ್ಚುಕಡಿಮೆ ಅಂಗಡಿಯ ನೀರಿನದೇ ಪರಿಸ್ಥಿತಿ, ಅಲ್ವಾ?

ಇದರ ಉಲ್ಟಾ ಆಗಿದ್ದರೆ? ಕಾಪರ್ ಸಲ್ಫೇಟನ್ನು 2ಕ್ಕೆ ಏರಿಸಿದ್ದರೆ ಟ್ಯಾಂಕಿನಲ್ಲಿ ಒಂದು ಮೀನೂ ಉಳಿಯುತ್ತಿರಲಿಲ್ಲ. ಹಾಗಾಗಿ ಯಾರಾದರೂ ‘ಕಾಪರ್ ಎಷ್ಟಿಡಬೇಕು’ ಅಂದರೆ ಅಂಕಿ ಹೇಳುವ ಮುಂಚೆ ‘ಯಾವ ಕಾಪರ್’ ಅಂತ ಕೇಳಬೇಕು. ಕಿಟ್ ಕೂಡ ಆ ಬಗೆಯನ್ನು ಅಳೆಯುವಂಥದ್ದೇ ಇರಬೇಕು.

ಬಾಟಲಿ ಗೊತ್ತಾದ ಕೂಡಲೇ ಕಾಪರ್ ಏರಿಸಬಹುದಿತ್ತು. ಏರಿಸಲಿಲ್ಲ. ಇದು ನಿಜವಾಗಿಯೂ ಇಚ್ ಅಂತ ಯಾರೂ ಇನ್ನೂ ಕಣ್ಣಾರೆ ನೋಡಿರಲಿಲ್ಲ. ನನಗೆ ಭಯವಿದ್ದದ್ದು ವೆಲ್ವೆಟ್ ಅನ್ನುವ ಇನ್ನೊಂದು ರೋಗದ ಬಗ್ಗೆ. ಅದು ಅಮೈಲೂಡಿನಿಯಂ ಒಸೆಲೇಟಂ ಅನ್ನುವ ಬೇರೆಯದೇ ಜೀವಿ. ಮೊದಲು ಕಿವಿರಿಗೆ ಹೊಕ್ಕುತ್ತದೆ, ಮೈಮೇಲೆ ಕಾಣುವ ಹೊತ್ತಿಗೆ ಒಂದೆರಡು ದಿನದ ಆಟ. ಚುಕ್ಕೆ ಇಚ್‌ಗಿಂತ ತುಂಬಾ ಸಣ್ಣ, ತುಸು ಹಳದಿ ಬಣ್ಣ. ದೀಪ ಆರಿಸಿ ಟಾರ್ಚನ್ನು ಓರೆಯಾಗಿ ಹಿಡಿದರೆ ತಿಳಿಯುತ್ತದೆ. ಮೀನು ಬೆಳಕಿಗೆ ಬೆದರುತ್ತದೆ, ಉಸಿರಿಗಾಗಿ ಪಂಪಿನ ನೀರಿಗೆ ಎದುರಾಗಿ ನಿಲ್ಲುತ್ತದೆ, ತಿನ್ನುವುದನ್ನು ಪೂರ್ತಿ ಬಿಡುತ್ತದೆ. ಈ ಟ್ಯಾಂಗ್ ಕಡಿಮೆಯಾದರೂ ತಿನ್ನುತ್ತಿತ್ತು. ಚುಕ್ಕೆಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಲಕ್ಷಣ ಇಚ್ ಕಡೆಗೇ ವಾಲಿತ್ತು. ಆದರೆ ಬರೀ ಲಕ್ಷಣ ನಂಬಿ ನಿರ್ಧಾರ ಮಾಡುವುದು ಬೇಡ ಅನ್ನಿಸಿತು.

ಕಾಲೇಜು ಮಕ್ಕಳು ಬಳಸುವ ಸಾಮಾನ್ಯ ಮೈಕ್ರೋಸ್ಕೋಪ್ ಇದಕ್ಕೆ ಸಾಕು. ಟ್ಯಾಂಗನ್ನು ಒದ್ದೆ ಕೈಯಲ್ಲಿ ಮೃದುವಾಗಿ ಹಿಡಿದು, ಎದೆಯ ರೆಕ್ಕೆಯ ಹಿಂದೆ ಕವರ್ ಸ್ಲಿಪ್ಪಿನ ಅಂಚಿನಿಂದ ತಲೆಯಿಂದ ಬಾಲದ ಕಡೆಗೆ ಒಮ್ಮೆ ಎಳೆದು ಲೋಳೆ ತೆಗೆದೆವು. ಬಾಲದ ಬುಡದಲ್ಲಿ ಚಾಕುವಿನಷ್ಟು ಹರಿತ ಮುಳ್ಳಿರುತ್ತದೆ, ಹಿಡಿಯುವವರು ಹುಷಾರಾಗಿರಬೇಕು. ಲೋಳೆಯನ್ನು ಸ್ಲೈಡಿನ ಮೇಲೆ ಅದೇ ಟ್ಯಾಂಕಿನ ಒಂದು ಹನಿ ನೀರಿನಲ್ಲಿ ಇಟ್ಟು ತಕ್ಷಣ ನೋಡಬೇಕು. ಒಣಗಿದರೆ ಏನೂ ತಿಳಿಯದು. ಕಡಿಮೆ ಪವರ್‌ನಲ್ಲೇ ಕಂಡಿತು. ದುಂಡಗೆ, ಕಪ್ಪಾಗಿ, ಅಂಚಿನಲ್ಲಿ ಸಣ್ಣ ರೋಮಗಳು ಆಡುತ್ತಾ, ನಿಧಾನವಾಗಿ ತಿರುಗುತ್ತಿರುವ ಜೀವಿ. ವೆಲ್ವೆಟ್ ಆಗಿದ್ದರೆ ಹೀಗೆ ತಿರುಗುವುದಿಲ್ಲ, ಕದಲದೆ ಅಂಟಿಕೊಂಡಿರುತ್ತದೆ. ಅನುಮಾನವಿದ್ದರೆ ಒಂದು ಹನಿ ಅಯೋಡಿನ್ ಹಾಕಿ ನೋಡಬಹುದು. ವೆಲ್ವೆಟ್ ಜೀವಿಯೊಳಗೆ ಪಿಷ್ಟ ಇರುವುದರಿಂದ ಅದು ಕಪ್ಪಾಗುತ್ತದೆ.

ಇಚ್ ಖಚಿತವಾಯಿತು. ಏಂಜೆಲ್ಲನ್ನು ಅವತ್ತು ಹಿಡಿಯಲಿಲ್ಲ. ಅದು ಪೈಪಿನೊಳಗೆ ಬಚ್ಚಿಟ್ಟುಕೊಂಡು ಅಲ್ಲೇ ಸ್ವಲ್ಪ ತಿನ್ನುತ್ತಿತ್ತು. ಜೀವಕ್ಕೆ ಕುತ್ತು ಬಂದಿದ್ದದ್ದು ಟ್ಯಾಂಗಿಗೆ.

ಬೇರೆ ದಾರಿಗಳೂ ಇದ್ದವು

ಕಾಪರ್ ಒಂದೇ ಮದ್ದಲ್ಲ. ಮೂರು ದಿನಕ್ಕೊಮ್ಮೆ ಮೀನನ್ನು ಪೂರ್ತಿ ಒಣಗಿಸಿ ತೊಳೆದ ಬೇರೆ ಟ್ಯಾಂಕಿಗೆ ಬದಲಿಸುವ ವಿಧಾನ ಇದೆ. ನಾಲ್ಕು ಸಲ ಬದಲಿಸಿದರೆ, ಕೆಳಗಿಳಿದ ಜೀವಿಗಳ ಕವಚ ಒಡೆಯುವ ಮೊದಲೇ ಮೀನು ಅಲ್ಲಿಂದ ಹೊರಟುಹೋಗಿರುತ್ತದೆ. ಔಷಧಿಯೇ ಬೇಡ. ನನಗೆ ಈ ವಿಧಾನ ಇಷ್ಟ. ಆದರೆ ಇನ್ನೊಂದು ಟ್ಯಾಂಕ್, ಹೀಟರ್, ಪ್ರತಿ ಸಲ ಪೂರ್ತಿ ಹೊಸ ಉಪ್ಪುನೀರು ಬೇಕು. ಸೊರಗಿದ ಟ್ಯಾಂಗನ್ನು ಪದೇ ಪದೇ ಬಲೆಯಲ್ಲಿ ಹಿಡಿಯಬೇಕು. ಇನ್ನೊಂದು ದಾರಿ ನೀರಿನ ಉಪ್ಪನ್ನು ಇಳಿಸಿ, ಅದರ ಸಾಪೇಕ್ಷ ಸಾಂದ್ರತೆಯನ್ನು 1.009ರಷ್ಟಕ್ಕೆ ತಂದು ವಾರಗಟ್ಟಲೆ ಹಿಡಿದಿಡುವುದು. ಇದಕ್ಕೆ ಉಪ್ಪನ್ನು ನಿಖರವಾಗಿ ಅಳೆಯುವ, ನಂಬಬಹುದಾದ ರಿಫ್ರಾಕ್ಟೋಮೀಟರ್ ಬೇಕು. ಮಾಲೀಕರ ಬಳಿ ಇದ್ದದ್ದು ಮುಳ್ಳು ಏಳುವ ಪ್ಲಾಸ್ಟಿಕ್ ಹೈಡ್ರೋಮೀಟರ್. ಅದರ ಅಂಕಿ ನಂಬಿ 1.009ರಲ್ಲಿ ನಿಲ್ಲುವ ಧೈರ್ಯ ಯಾರಿಗಿದೆ? ನೀರಿನಲ್ಲಿ ಕಾಪರ್ ಆಗಲೇ ಇತ್ತು. ಅದನ್ನೇ ಸರಿಪಡಿಸುವುದು ಅಂತಾಯಿತು.

ಮೊದಲು ಹವಳದ ಕಲ್ಲುಗಳನ್ನು ತೆಗೆಸಿದೆವು. ಅವು ಸುಣ್ಣದ ಅಂಶದವು, ಕಾಪರನ್ನು ಹೀರಿಕೊಳ್ಳುತ್ತವೆ. 0.2 ಕಾಯ್ದುಕೊಳ್ಳಲು ಮಾಲೀಕರು ದಿನಾ ಸ್ವಲ್ಪ ಸ್ವಲ್ಪ ಔಷಧಿ ಸೇರಿಸಬೇಕಾಗುತ್ತಿದ್ದದ್ದು ಇದರಿಂದಲೇ. ಆಮೇಲೆ ನೀರಿನ ಲೆಕ್ಕ. ಟ್ಯಾಂಕ್ 100 ಲೀಟರಿನದ್ದಾದರೂ ಮೇಲೆ ಬಿಟ್ಟ ಜಾಗ ಕಳೆದರೆ ನೀರು ಇದ್ದದ್ದು 90 ಲೀಟರ್. ಔಷಧಿ ಹಾಕುವಾಗ ಲೆಕ್ಕಕ್ಕೆ ಬರುವುದು ಈ 90.

ಎಷ್ಟು ಬೇಗ ಏರಿಸುವುದು ಅನ್ನುವುದರ ಬಗ್ಗೆ ಚರ್ಚೆಯಾಯಿತು. ಟ್ಯಾಂಗಿಗೆ ಬೇಗ ಬೇಕಿತ್ತು. ಆದರೆ ಏಂಜೆಲ್‌ಗಳಲ್ಲಿ ಈ ಸಣ್ಣ ಜಾತಿಯವು ಕಾಪರ್ ತಡೆಯುವುದು ಕಡಿಮೆ. ನಾಲ್ಕು ದಿನದಲ್ಲಿ ಹಂತ ಹಂತವಾಗಿ 2.0ಕ್ಕೆ ತರುವುದು, ಪ್ರತಿ ಹಂತದಲ್ಲೂ ಏಂಜೆಲ್ ತಿನ್ನುತ್ತಿದೆಯೇ ನೋಡುವುದು, ತಿನ್ನದಿದ್ದರೆ ಅಲ್ಲೇ ನಿಲ್ಲಿಸುವುದು ಅಂತ ಒಪ್ಪಿಕೊಂಡೆವು. ನೀರು ಬದಲಿಸುವಾಗ ಹೊಸ ನೀರಿಗೂ ಮೊದಲೇ ಅಷ್ಟೇ ಕಾಪರ್ ಬೆರೆಸಿ ಹಾಕುವುದು. ಅಮೋನಿಯಾ ಏರಿದರೆ ನೀರು ಬದಲಿಸುವುದೊಂದೇ ದಾರಿ. ಅಮೋನಿಯಾವನ್ನು ಕಟ್ಟಿಹಾಕುವ ಕಂಡೀಷನರ್‌ಗಳನ್ನು ಕಾಪರ್ ಇರುವ ನೀರಿಗೆ ಹಾಕಬಾರದು. ಅವುಗಳಲ್ಲಿ ಕೆಲವು ಕಾಪರನ್ನು ಇನ್ನೂ ಹೆಚ್ಚು ವಿಷದ ರೂಪಕ್ಕೆ ತಿರುಗಿಸಬಲ್ಲವು. ಈ ಮಾತನ್ನು ನಾನು ಮಾಲೀಕರ ನೋಟ್‌ಬುಕ್ಕಿನಲ್ಲಿ ಕೆಂಪು ಪೆನ್ನಿನಲ್ಲಿ ಬರೆಸಿದೆ.

ಒಂದೇ ಕಡೆಯ ಕಿವಿರು

ಕಾಪರ್ 2.0 ಮುಟ್ಟಿದ ಮುಂದಿನ ವಾರದೊಳಗೆ ಟ್ಯಾಂಗ್ ಮೈ ನಿಚ್ಚಳವಾಯಿತು. ನೋರಿ (ಒಣಗಿಸಿದ ಕಡಲಕಳೆ) ಹಾಳೆ ಹಾಕಿದರೆ ಓಡಿ ಬಂದು ಕಿತ್ತು ತಿನ್ನುತ್ತಿತ್ತು. ಕ್ಲೌನ್‌ಗಳು ಮೊದಲಿನಿಂದಲೂ ಅಷ್ಟೇನೂ ಕೆಟ್ಟಿರಲಿಲ್ಲ. ಏಂಜೆಲ್ ಮಾತ್ರ ಹಾಗೇ ಇತ್ತು. ಮೈಮೇಲೆ ಒಂದು ಚುಕ್ಕೆಯೂ ಇಲ್ಲ. ಆದರೂ ತಲೆ ಕೊಡವುವುದು, ಪೈಪಿಗೆ ಉಜ್ಜುವುದು ನಿಂತಿರಲಿಲ್ಲ. ಒಂದು ಕಣ್ಣು ಮಂಜಾಗತೊಡಗಿತ್ತು.

ಮಾಲೀಕರಿಗೆ ಅನ್ನಿಸಿದ್ದು, ಕಾಪರ್ ಇನ್ನೂ ಸಾಲದು, 2.5 ಮಾಡೋಣ ಅಂತ. ಬಹಳ ಜನರಿಗೆ ಹಾಗೇ ಅನ್ನಿಸುತ್ತದೆ. ಈ ಔಷಧಿಗೆ ರೋಗ ಬಗ್ಗುತ್ತಿಲ್ಲ ಅಂದರೆ ಇನ್ನಷ್ಟು ಹಾಕು. ಆದರೆ ಅದೇ ನೀರಿನಲ್ಲಿ, ಅದೇ ಕಾಪರ್‌ನಲ್ಲಿ ಟ್ಯಾಂಗಿನ ಇಚ್ ಹೋಗಿತ್ತು. ಏಂಜೆಲ್ಲಿಗೆ ಇಚ್ ಮಾತ್ರ ಇದ್ದಿದ್ದರೆ ಅದಕ್ಕೂ ಹೋಗಬೇಕಿತ್ತು. ಹಾಗಾದರೆ ಉಳಿದಿರುವುದು ಕಾಪರ್ ಮುಟ್ಟದ ಬೇರೇನೋ. ಅದನ್ನು ಕಂಡುಕೊಳ್ಳದೆ ಕಾಪರ್ ಏರಿಸಿದರೆ, ಮೊದಲೇ ಕಾಪರ್‌ಗೆ ಸೂಕ್ಷ್ಮವಾದ ಮೀನು ಔಷಧಿಯಿಂದಲೇ ಸಾಯಬಹುದು.

ಸುಳಿವು ಕೊಟ್ಟದ್ದು ಮಾಲೀಕರ ತಾಯಿ. ಯುಟಿಲಿಟಿಯಲ್ಲಿ ತರಕಾರಿ ಹೆಚ್ಚುತ್ತಾ ಕೂರುವ ಅವರಷ್ಟು ಹೊತ್ತು ಆ ಟ್ಯಾಂಕನ್ನು ನೋಡಿದವರು ಮನೆಯಲ್ಲಿ ಬೇರೆ ಯಾರೂ ಇಲ್ಲ. ‘ಇದು ಒಂದೇ ಕಡೆ ಕಿವಿರು ಆಡಿಸ್ತಾ ಇದೆಯಲ್ಲಪ್ಪಾ, ಇನ್ನೊಂದು ಕಡೆ ಮುಚ್ಚಿಕೊಂಡೇ ಇದೆ’ ಅಂದರಂತೆ. ಫೋನಿನಲ್ಲಿ ಇದನ್ನು ಕೇಳಿದಾಗ ಫ್ಲೂಕ್, ಅಂದರೆ ಮೀನಿಗೆ ಅಂಟುವ ಚಪ್ಪಟೆ ಹುಳು, ಇರಬೇಕು ಅನ್ನಿಸಿತು. ಒಂದು ಕಿವಿರು ಮುಚ್ಚಿ ಉಸಿರಾಡುವುದು, ತಲೆ ಕೊಡವುವುದು, ಮಂಜು ಕಣ್ಣು. ಮೂರೂ ಚಪ್ಪಟೆ ಹುಳುಗಳ ಕಡೆಗೆ ಬೆರಳು ಮಾಡುತ್ತವೆ.

ಫ್ಲೂಕ್ ಇದೆಯೋ ಇಲ್ಲವೋ ತಿಳಿಯಲು ಸಿಹಿನೀರಿನ ಡಿಪ್‌ಗಿಂತ, ಅಂದರೆ ಮೀನನ್ನು ಕೆಲವು ನಿಮಿಷ ಸಿಹಿನೀರಿನಲ್ಲಿ ಬಿಡುವುದಕ್ಕಿಂತ, ಸುಲಭದ ಪರೀಕ್ಷೆ ಇಲ್ಲ. ಹುಳು ಮೀನಿನ ಮೇಲೆ ಇರುವಾಗ ಪಾರದರ್ಶಕ, ಕಣ್ಣಿಗೇ ಬೀಳುವುದಿಲ್ಲ. ಸಿಹಿನೀರಿಗೆ ಬಿದ್ದ ಕೂಡಲೇ ಬೆಳ್ಳಗಾಗಿ ಹಿಡಿತ ಬಿಡುತ್ತದೆ. ಆದರೆ ನಲ್ಲಿಯ ಕಾವೇರಿ ನೀರನ್ನು ಹಾಗೇ ಬಳಸುವಂತಿಲ್ಲ, ಕ್ಲೋರಿನ್ ಇರುತ್ತದೆ. ಆರ್‌ಒ ನೀರು ತೆಗೆದುಕೊಂಡು, ಅಡುಗೆ ಸೋಡಾ ಹಾಕಿ ಪಿಎಚ್ಅನ್ನು ಟ್ಯಾಂಕಿನಷ್ಟೇ ಮಾಡಿ, ಟ್ಯಾಂಕಿನಷ್ಟೇ ಬೆಚ್ಚಗೆ ಮಾಡಿ, ಗಾಳಿಗುಳ್ಳೆ ಬಿಡುವ ಏರ್ ಸ್ಟೋನ್ ಬಿಟ್ಟು ಇಡಬೇಕು. ಪಾತ್ರೆಯ ತಳ ಗಾಢ ಬಣ್ಣದ್ದಾಗಿದ್ದರೆ ಬಿಳಿ ಹುಳು ಎದ್ದು ಕಾಣುತ್ತದೆ. ಇಲ್ಲಿ ಕಪ್ಪು ಬಕೆಟ್ ಸಿಕ್ಕಿತು.

ಏಂಜೆಲ್ ಮೊದಲ ನಿಮಿಷದಲ್ಲಿ ಗಾಬರಿಯಿಂದ ಒಂದು ಸುತ್ತು ಹಾಕಿ ಓರೆಯಾಗಿ ಮಲಗಿತು. ಮಾಲೀಕರು ತೆಗೆಯಲು ಕೈ ಹಾಕಿದರು. ತಡೆದೆ. ಡಿಪ್‌ನಲ್ಲಿ ಮೀನು ಹೀಗೆ ಮಲಗುವುದು ಉಂಟು. ಉಸಿರು ನಿಂತರೆ, ಪೂರ್ತಿ ಸೋತುಹೋದರೆ ತೆಗೆಯಬೇಕು. ಕಿವಿರು ಆಡುತ್ತಿತ್ತು. ಮೂರನೇ ನಿಮಿಷಕ್ಕೆ ಬಕೆಟ್ಟಿನ ತಳದಲ್ಲಿ ಎಳ್ಳು ಉದುರಿದಂತೆ ಬಿಳಿಯ ಚಪ್ಪಟೆ ಹುಳುಗಳು. ಐದು ನಿಮಿಷಕ್ಕೆ ಮೀನನ್ನು ಟ್ಯಾಂಕಿಗೆ ಬಿಟ್ಟೆವು. ಪಿಪೆಟ್ಟಿನಲ್ಲಿ ಒಂದು ಹುಳು ಹೀರಿ ಸ್ಲೈಡಿಗೆ ಹಾಕಿದರೆ ಹಿಂಭಾಗದಲ್ಲಿ ದುಂಡನೆಯ ಬಟ್ಟಲಿನಂಥ ಅಂಟು, ಅದರ ನಡುವೆ ಕೊಕ್ಕೆಗಳು. ನಿಯೋಬೆನಿಡೇನಿಯಾ ಗುಂಪಿನ ಚರ್ಮದ ಫ್ಲೂಕ್‌ನ ಚಹರೆ.

ಎರಡು ರೋಗ ಒಟ್ಟಿಗೆ ಇದ್ದವು. ಟ್ಯಾಂಗಿನ ಚುಕ್ಕೆ ಎಲ್ಲರ ಕಣ್ಣನ್ನೂ ತನ್ನ ಕಡೆ ಸೆಳೆದುಕೊಂಡು, ಏಂಜೆಲ್ಲಿನದ್ದು ಮರೆಯಾಗಿಬಿಟ್ಟಿತ್ತು.

ಮೊಟ್ಟೆಗಳ ಲೆಕ್ಕ

ಡಿಪ್ ಚಿಕಿತ್ಸೆಯಲ್ಲ. ಮೈಮೇಲಿನ ಹುಳು ಬಹುಪಾಲು ಉದುರಬಹುದು, ಕಿವಿರಿನ ಆಳದಲ್ಲಿರುವವು ಉಳಿಯಬಹುದು. ಅದಕ್ಕಿಂತ ಹೆಚ್ಚಾಗಿ, ಟ್ಯಾಂಕಿನಲ್ಲಿ ಮೊಟ್ಟೆಗಳಿರುತ್ತವೆ. ಔಷಧಿ ಪ್ರಾಜಿಕ್ವಾಂಟೆಲ್. ಲೀಟರಿಗೆ 2.5 ಮಿಲಿಗ್ರಾಂ ಲೆಕ್ಕದಲ್ಲಿ 90 ಲೀಟರಿಗೆ 225 ಮಿಲಿಗ್ರಾಂ. ‘ನಾಯಿಗೆ ಕೊಡುವ ಜಂತಿನ ಮಾತ್ರೆಯಲ್ಲೂ ಇದೇ ಇರುತ್ತಲ್ಲ ಸರ್’ ಅಂದರು ಮಾಲೀಕರು. ಇರುತ್ತದೆ, ಆದರೆ ಬಹಳಷ್ಟು ಮಾತ್ರೆಗಳಲ್ಲಿ ಅದರ ಜೊತೆ ಇನ್ನೊಂದೆರಡು ಔಷಧಿ ಸೇರಿಸಿರುತ್ತಾರೆ. ಅಕ್ವೇರಿಯಂಗೆಂದೇ ಮಾರುವ ಬರೀ ಪ್ರಾಜಿಕ್ವಾಂಟೆಲ್ ಪುಡಿ ತರಿಸಿದೆವು. ಅದು ನೀರಿನಲ್ಲಿ ಸುಲಭವಾಗಿ ಕರಗದು. ಸ್ವಲ್ಪ ವೋಡ್ಕಾದಲ್ಲಿ ಕಲಸಿ, ಆಮೇಲೆ ಟ್ಯಾಂಕಿನ ನೀರಿನಲ್ಲಿ ಬೆರೆಸಿ ಹಾಕಿದೆವು.

ಕಾಪರ್ ಮುಗಿಸಿ ಆಮೇಲೆ ಪ್ರಾಜಿ ಹಾಕಬೇಕೋ, ಒಟ್ಟಿಗೇ ಹಾಕಬೇಕೋ ಅನ್ನುವ ಪ್ರಶ್ನೆ ಇತ್ತು. ಎರಡನ್ನೂ ಒಟ್ಟಿಗೆ ಬಳಸುವವರು ಬಹಳ ಜನ ಇದ್ದಾರೆ. ನಾನು ಸಾಮಾನ್ಯವಾಗಿ ಒಂದಾದ ಮೇಲೊಂದು ಅನ್ನುವವನು. ಆದರೆ ಏಂಜೆಲ್ಲಿನ ಕಣ್ಣು ಕಾಯುವ ಸ್ಥಿತಿಯಲ್ಲಿರಲಿಲ್ಲ. ಕಾಪರ್ ನಡುವೆ ಬಿಟ್ಟರೆ ಕವಚದೊಳಗಿನ ಇಚ್ ಮತ್ತೆ ಎದ್ದು ಬರುತ್ತದೆ. ಒಟ್ಟಿಗೇ ಹಾಕಿದೆವು. ಪ್ರಾಜಿ ಹಾಕಿದ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗಬಹುದು ಅಂತ ಎರಡು ಏರ್ ಸ್ಟೋನ್ ಬಿಟ್ಟೆವು.

ಆ ರಾತ್ರಿ ಕರೆಂಟ್ ಹೋಯಿತು. ಮನೆಗೆ ಯುಪಿಎಸ್ ಇತ್ತು, ಹಾಲ್‌ನ ದೊಡ್ಡ ಟ್ಯಾಂಕ್ ಅದರ ಮೇಲೇ ನಡೆಯುತ್ತಿತ್ತು. ಯುಟಿಲಿಟಿಯ ಪಾಯಿಂಟ್ ಮಾತ್ರ ಯುಪಿಎಸ್ ಲೈನಿಗೆ ಸೇರಿರಲಿಲ್ಲ. ಮನೆಯವರು ಬೆಳಿಗ್ಗೆ ಎದ್ದು ನೋಡಿದಾಗ ನೀರು ಹಾಲು ಬೆರೆಸಿದ ಹಾಗೆ ಮಬ್ಬು, ಮೀನುಗಳೆಲ್ಲ ಮೇಲ್ಮಟ್ಟದಲ್ಲಿ ಬಾಯಿ ಬಿಡುತ್ತಿದ್ದವು. ಚಿಕ್ಕ ಕ್ಲೌನ್ ಸತ್ತಿತ್ತು. ವೋಡ್ಕಾ ತಿಂದು ಬ್ಯಾಕ್ಟೀರಿಯಾ ಹೆಚ್ಚಿದ್ದವು, ಇದ್ದ ಆಮ್ಲಜನಕವನ್ನೂ ಅವೇ ಕುಡಿದಿದ್ದವು, ಮೇಲಿನಿಂದ ಗಾಳಿಯೂ ಇರಲಿಲ್ಲ. ಸತ್ತ ಮೀನಿನ ಕಿವಿರನ್ನು ಕತ್ತರಿಸಿ ನೋಡಿದಾಗ ಲೋಳೆ ಜಾಸ್ತಿ ಇತ್ತು, ಒಂದೆರಡು ಮರಿ ಫ್ಲೂಕ್ ಕಂಡವು. ಅಷ್ಟು ಹುಳುವಿಗೆ ಕ್ಲೌನ್ ಸಾಯುವುದಿಲ್ಲ. ಆದರೆ ಕಿವಿರು ಮೊದಲೇ ಸೋತಿದ್ದ ಮೀನಿಗೆ ಉಸಿರು ಕಟ್ಟಿದರೆ ತಡೆಯಲು ಆಗುವುದಿಲ್ಲ. ಅದೇ ದಿನ ಬ್ಯಾಟರಿಯಲ್ಲಿ ನಡೆಯುವ ಏರ್ ಪಂಪ್ ಬಂತು. ಕರೆಂಟ್ ಹೋದ ಕೂಡಲೇ ತಾನೇ ಶುರುವಾಗುವಂಥದ್ದು. ಮುಂದಿನ ಸಲ ವೋಡ್ಕಾ ಕೂಡ ಕೆಲವೇ ಹನಿಗೆ ಇಳಿಯಿತು.

ಎರಡನೇ ಡೋಸ್ ಯಾವಾಗ? ಪ್ರಾಜಿ ಮೊಟ್ಟೆಯನ್ನು ಕೊಲ್ಲುವುದಿಲ್ಲ. ನಮ್ಮ ಟ್ಯಾಂಕಿನ 26, 27 ಡಿಗ್ರಿಯಲ್ಲಿ ಈ ಹುಳುವಿನ ಮೊಟ್ಟೆ ಸುಮಾರು ವಾರದೊಳಗೆ ಒಡೆಯುತ್ತದೆ. ಒಡೆದ ಮರಿ ಮೀನನ್ನು ಹಿಡಿದು ಬೆಳೆದು ತಾನೇ ಮೊಟ್ಟೆ ಇಡಲು ಮತ್ತೆ ಒಂದು ವಾರ, ಹತ್ತು ದಿನ. ಮೊಟ್ಟೆಗಳು ಒಡೆದ ಮೇಲೆ, ಆದರೆ ಮರಿ ದೊಡ್ಡದಾಗುವ ಮೊದಲು, ಎರಡನೇ ಡೋಸ್ ಬೀಳಬೇಕು. ಆದರೆ ಎಲ್ಲಾ ಮೊಟ್ಟೆಯೂ ಒಂದೇ ದಿನ ಇಟ್ಟದ್ದಲ್ಲವಲ್ಲ. ಬರೀ ಕ್ಯಾಲೆಂಡರ್ ನಂಬುವುದು ನನಗೆ ಹಿಡಿಸಲಿಲ್ಲ. ಈ ಮೊಟ್ಟೆಗಳಿಗೆ ಉದ್ದನೆಯ ನೂಲಿನಂಥ ಬಾಲ ಇರುತ್ತದೆ, ಸಿಕ್ಕಿದ್ದಕ್ಕೆಲ್ಲ ತೊಡರಿಕೊಳ್ಳುತ್ತವೆ. ಹಾಗಾಗಿ ಸೊಳ್ಳೆ ಪರದೆಯ ಅಂಗೈಯಗಲದ ತುಂಡನ್ನು ಏರ್ ಸ್ಟೋನ್ ಪಕ್ಕ ಇಳಿಬಿಟ್ಟೆವು. ಎರಡು ದಿನಕ್ಕೊಮ್ಮೆ ಮಾಲೀಕರು ಅದರ ಒಂದು ಮೂಲೆ ಕತ್ತರಿಸಿ ಮೈಕ್ರೋಸ್ಕೋಪಿನ ಕೆಳಗೆ ಇಡುತ್ತಿದ್ದರು. ಮೂರು ಮೂಲೆಯ ಮೊಟ್ಟೆಗಳು, ನೂಲು ನೂಲು ಸಿಕ್ಕು. ಫೋಟೋ ನನಗೆ ಬರುತ್ತಿತ್ತು.

ಈ ಪರದೆಯ ತುಂಡು ಇಲ್ಲದಿದ್ದರೆ ಎರಡು ಡೋಸಿಗೆ ನಿಲ್ಲಿಸಿಬಿಡುತ್ತಿದ್ದೆವು. ಎರಡನೇ ಡೋಸ್ ಆದ ಮೇಲೆ ಏಂಜೆಲ್ ಎರಡೂ ಕಿವಿರು ಆಡಿಸುತ್ತಿತ್ತು, ಕಣ್ಣು ತಿಳಿಯಾಗಿತ್ತು, ಎಲ್ಲರಿಗೂ ಖುಷಿ. ಆದರೆ ಹೊಸದಾಗಿ ಕಟ್ಟಿದ ಪರದೆಯಲ್ಲಿ ಮತ್ತೆ ಮೊಟ್ಟೆ ಕಂಡವು. ಅಂದರೆ ಮೊಟ್ಟೆ ಇಡುವ ಹುಳು ಇನ್ನೂ ಎಲ್ಲೋ ಇತ್ತು. ಮೂರನೇ ಡೋಸ್ ಹಾಕಿದೆವು. ಆಮೇಲೆ ಹಾಕಿದ ಪರದೆಗಳಲ್ಲಿ ಮೊಟ್ಟೆ ಸಿಗಲಿಲ್ಲ.

ಕಾಪರ್ 2.0ರಲ್ಲಿ ಒಟ್ಟು ನಾಲ್ಕು ವಾರ ಇತ್ತು. ಆಮೇಲೆ ನೀರು ಬದಲಿಸಿ, ಕಾರ್ಬನ್ ಹಾಕಿ ತೆಗೆದೆವು. ಅಲ್ಲಿಂದ ಎರಡು ವಾರ ಯಾವ ಔಷಧಿಯೂ ಇಲ್ಲದೆ ಬರೀ ನೋಡುವುದು. ಅದುಮಿಟ್ಟ ರೋಗವೋ ಹೋದ ರೋಗವೋ ತಿಳಿಯುವುದು ಈ ಎರಡು ವಾರದಲ್ಲೇ. ಅವಸರ ಮಾಡಿ ಇದನ್ನು ಬಿಟ್ಟರೆ ಅಂಗಡಿಯವರು ಮಾಡಿದ್ದನ್ನೇ ನಾವೂ ಮಾಡಿದಂತೆ. ಕೊನೆಗೆ ಮೂರೂ ಮೀನಿಗೆ ಇನ್ನೊಂದು ಡಿಪ್. ಕಪ್ಪು ಬಕೆಟ್ಟಿನ ತಳ ಖಾಲಿ. ಆಮೇಲೆ ಹಾಲ್‌ನ ಟ್ಯಾಂಕಿಗೆ ಹೋದವು.

ಹಾಲ್‌ನ ಟ್ಯಾಂಕಿನ ಬಗ್ಗೆಯೂ ಒಂದು ಆತಂಕ ಇತ್ತು. ಮೊದಲ ವಾರದಲ್ಲಿ ಎರಡೂ ಟ್ಯಾಂಕಿಗೆ ಒಂದೇ ಬಲೆ, ಒಂದೇ ಸೈಫನ್ ಪೈಪು ಓಡಾಡಿತ್ತು. ಒದ್ದೆ ಬಲೆಯಲ್ಲಿ ಮೊಟ್ಟೆಯೋ ಕವಚವೋ ಹೋಗಿದ್ದರೆ? ಎಲ್ಲಾ ಮೀನು ತೆಗೆದು ಆ ಟ್ಯಾಂಕನ್ನು 72 ದಿನಕ್ಕಿಂತ ಹೆಚ್ಚು ಖಾಲಿ ಬಿಡುವುದೇ ಗಟ್ಟಿ ದಾರಿ. ಆದರೆ ಅಲ್ಲಿನ ಮೀನುಗಳಿಗೆ ಜಾಗ ಇರಲಿಲ್ಲ, ಲಕ್ಷಣವೂ ಇರಲಿಲ್ಲ. ಬಲೆ, ಪೈಪು ಬೇರೆ ಮಾಡಿ, ಅಲ್ಲೂ ಒಂದು ಪರದೆ ತುಂಡು ಇಳಿಬಿಟ್ಟು ಕಾದೆವು. ಏನೂ ಕಾಣಲಿಲ್ಲ.

ಈಗಿನ ಚರ್ಚೆ

ಇದಾದ ಮೇಲೆ ಮಾಲೀಕರು ಒಂದು ನಿಯಮ ಮಾಡಿಕೊಂಡಿದ್ದಾರೆ. ಯಾವ ಮೀನು ಬಂದರೂ ಮೊದಲ ದಿನವೇ ಕಾಪರ್, ಎರಡು ಡೋಸ್ ಪ್ರಾಜಿ, ಲಕ್ಷಣ ಇರಲಿ ಬಿಡಲಿ. ನನ್ನದು ಬೇರೆ ಅಭಿಪ್ರಾಯ. ಡಿಪ್ ಮತ್ತು ಪ್ರಾಜಿ ಎಲ್ಲರಿಗೂ ಸರಿ. ಕಾಪರ್ ಮಾತ್ರ ನೋಡಿ ಹಾಕಬೇಕು, ಏಂಜೆಲ್‌ನಂಥ ಮೀನಿಗಂತೂ ಸುಮ್ನೆ ಹಾಕಬಾರದು. ಇಲ್ಲಿ ಎರಡು ವಾರ ಕಳೆದುಹೋದದ್ದು ಔಷಧಿ ತಡವಾದದ್ದರಿಂದ ಅಲ್ಲ, ನೋಡದೆ ಹಾಕಿದ್ದರಿಂದ. ಮೊದಲ ಚುಕ್ಕೆ ಕಂಡ ದಿನವೇ ನಾಲ್ಕೂ ಮೀನಿಗೆ ಡಿಪ್ ಮಾಡಿ, ಒಂದು ಸ್ಲೈಡ್ ನೋಡಿದ್ದರೆ ಎರಡೂ ರೋಗ ಅವತ್ತೇ ಸಿಗುತ್ತಿದ್ದವು.

ಅವರು ಒಪ್ಪುವುದಿಲ್ಲ. ‘ಸರ್, ನೀವು ಸ್ಲೈಡ್ ನೋಡಿ ಹೇಳ್ತೀರಿ. ನಾನು ಆಫೀಸಿನಿಂದ ಎಂಟಕ್ಕೆ ಬರ್ತೀನಿ. ವೆಲ್ವೆಟ್ ಆದ್ರೆ ನಾನು ಮೈಕ್ರೋಸ್ಕೋಪ್ ತೆಗೆಯೋದ್ರೊಳಗೆ ಮೀನು ಹೋಗಿರುತ್ತೆ’ ಅನ್ನುತ್ತಾರೆ. ಈ ಮಾತನ್ನು ತಳ್ಳಿಹಾಕಲು ನನಗೂ ಆಗುವುದಿಲ್ಲ. ಕಾಪರ್ ಮೊದಲೇ ಇದ್ದಿದ್ದರೆ ವೆಲ್ವೆಟ್‌ಗೆ ಅವಕಾಶವೇ ಇರುವುದಿಲ್ಲ, ನಿಜ.

ಸದ್ಯಕ್ಕೆ ಈ ಜಗಳ ಒಂದು ಮ್ಯಾಂಡರಿನ್ ಮೀನಿನ ಮೇಲೆ ನಿಂತಿದೆ. ಅವರಿಗೆ ಅದು ಬೇಕು. ಅದು ದಿನವಿಡೀ ಕಲ್ಲಿನ ಮೇಲೆ ಓಡಾಡುವ ಕೋಪೆಪಾಡ್ ಅನ್ನುವ ಪುಟ್ಟ ಜೀವಿಗಳನ್ನು ಹುಡುಕಿ ತಿನ್ನುವ ಮೀನು. ಖಾಲಿ ಟ್ಯಾಂಕಿನಲ್ಲಿ ನಾಲ್ಕು ವಾರ ಕಾಪರ್‌ನಲ್ಲಿಟ್ಟರೆ ರೋಗಕ್ಕಿಂತ ಮೊದಲು ಹಸಿವಿನಿಂದ ಸಾಯಬಹುದು. ಕಾಪರ್ ನೀರಿನಲ್ಲಿ ಕೋಪೆಪಾಡ್ ಬದುಕುವುದೂ ಇಲ್ಲ. ಪ್ಯಾಕೆಟ್ ಆಹಾರ ತಿನ್ನಲು ಕಲಿತ ಮರಿ ಸಿಗುವವರೆಗೂ ಕೊಳ್ಳುವುದಿಲ್ಲ ಅನ್ನುವವರೆಗೆ ಅವರನ್ನು ಒಪ್ಪಿಸಿದ್ದೇನೆ. ಸಿಕ್ಕರೆ ಯುಟಿಲಿಟಿಯ ಟ್ಯಾಂಕಿಗೆ ಕಾಪರ್ ಬೀಳುತ್ತದೋ, ಬರೀ ಡಿಪ್, ಪರದೆ ತುಂಡು ಮತ್ತು ದಿನಕ್ಕೆರಡು ಸಲ ಟಾರ್ಚೋ ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ.